ಆಷಾಢದ ಗಾಳಿ, ಎರಡು ದಿನದ ಬಿಡಾರ

(ಹನುಮಂತನಪಟ್ಟಿಯಲ್ಲಿ ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಗಳಲ್ಲಿ ನಾಡು ನುಡಿಗಳ ವಿಷಯವಾಗಿ ಗಂಭೀರವಾದ ಉಪನ್ಯಾಸಗಳನ್ನು ಮಾಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಅದು ಒಳ್ಳೆಯ ವಾಡಿಕೆಯೇ. ಆದರೆ ಈ ದಿನ ಕಾರ್ಯದರ್ಶಿಗಳು ನಮ್ಮನ್ನು ಮಾತನಾಡಲು ಕೇಳಿದಾಗ ನಾವು ಆರಿಸಿಕೊಂಡ ವಿಷಯ ಗಾಳಿಪಟ. ಕೆಲವರು ಮುಗುಳ್ನಕ್ಕರು. ಗಡಿಯಾಚೆಯ ಕನ್ನಡಿಗರಿಗೆ ಇರುವ ತೊಂದರೆಗಳು ಎಷ್ಟೋ ಇರುವಾಗ ಕಾಗದದ ಪಟಕ್ಕೇನು ಅವಸರ ಎಂದು ಅವರ ಮನಸ್ಸಿನಲ್ಲಿ ಸುಳಿದಿರಬಹುದು. ಆ ಪ್ರಶ್ನೆ ನ್ಯಾಯವಾದುದು; ಅದಕ್ಕೆ ಉತ್ತರವನ್ನು ಕೊಡುವುದೇ ನಮ್ಮ ಈ ಮಾತಿನ ಉದ್ದೇಶ.

ಮೊದಲು ಗಾಳಿಯ ವಿಚಾರ. ಈ ಕಣಿವೆಯಲ್ಲಿ ಹುಟ್ಟಿದವರಿಗೆ ಗಾಳಿಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಆನಿ ಕಳೆದು ಆಡಿ ತಿಂಗಳು ಕಾಲಿಟ್ಟಿತೆಂದರೆ ಹಂಚು ಅಲುಗುವುದೂ, ಒಣಗಲು ಹಾಕಿದ ಬಟ್ಟೆ ನೆರೆಮನೆಯ ಅಂಗಳವನ್ನು ಸೇರುವುದೂ ನಮಗೆಲ್ಲ ಗೊತ್ತು. ಆಡಿಯ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರೀತೆಂದು ತಮಿಳು ಬಂಧುಗಳು ಗಾದೆಯನ್ನೇ ಕಟ್ಟಿದ್ದಾರೆ. ಈ ಗಾಳಿ ಬರುವುದು ಅರಬ್ಬೀ ಸಮುದ್ರದಿಂದ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಬೀಸುವ ನೈರುತ್ಯ ಮಾರುತವು ಪಶ್ಚಿಮ ಘಟ್ಟಗಳ ಆಚೆಯ ಮಗ್ಗುಲಲ್ಲಿ, ಎಂದರೆ ಕೇರಳದ ಕಡೆಯಲ್ಲಿ, ತನ್ನ ಮಳೆಯ ಬಹುಪಾಲನ್ನು ಸುರಿದುಬಿಡುತ್ತದೆ. ಹಗುರವಾದ ಗಾಳಿ ಮಾತ್ರ ಬೆಟ್ಟಗಳ ನಡುವಣ ತಗ್ಗುಗಳನ್ನು ಹುಡುಕಿಕೊಂಡು ಈಚೆಗೆ ನುಗ್ಗುತ್ತದೆ. ಅಗಲವಾದ ಹೊಳೆ ಇಕ್ಕಟ್ಟಾದ ಕಣಿವೆಗೆ ಬಂದಾಗ ರಭಸಗೊಳ್ಳುವಂತೆಯೇ ಇದೂ. ತಮಿಳುನಾಡಿನಲ್ಲಿ ಇಂಥ ಗಾಳಿಯ ಬಾಗಿಲುಗಳೆಂದು ಪ್ರಸಿದ್ಧವಾದವು ಮುಖ್ಯವಾಗಿ ನಾಲ್ಕು: ಪಾಲಘಾಟು, ಸೆಂಗೋಟ್ಟೈ, ಆರಲ್ವಾಯ್ಮೊಳಿ ಮತ್ತು ನಮ್ಮ ಕಂಬಂ. ತೇನಿ ಜಿಲ್ಲೆಯ ಬಯಲುಗಳಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರಗಳು ಎದ್ದು ನಿಂತಿರುವುದಕ್ಕೆ ಇದೇ ಕಾರಣ. ಪಶ್ಚಿಮದ ನೀರನ್ನು ಈ ಕಣಿವೆಗೆ ತರಬೇಕಾದರೆ ಪೆನ್ನಿಕ್ವಿಕ್ ಸಾಹೇಬರು ಪೆರಿಯಾರಿಗೆ ಅಣೆಯನ್ನು ಕಟ್ಟಿ, ಬೆಟ್ಟವನ್ನು ಕೊರೆಯಿಸಿ, 1895ರವರೆಗೆ ಹೆಣಗಬೇಕಾಯಿತು. ಗಾಳಿಯಾದರೋ ಯಾರನ್ನೂ ಕೇಳದೆ ತಾನಾಗಿಯೇ ಪ್ರತಿವರ್ಷವೂ ಬರುತ್ತಿದೆ.

ಇನ್ನು ಇದೇ ಗಾಳಿ ಇದೇ ದಿನಗಳಲ್ಲಿ ಇನ್ನೆಲ್ಲಿ ಬೀಸುತ್ತಿದೆ ಎಂಬುದನ್ನು ನೋಡೋಣ. ಹಳೆಯ ಮೈಸೂರು ಸೀಮೆಯ ಬಯಲುನಾಡು ಕೂಡ ಘಟ್ಟದ ಮಳೆನೆರಳಿನಲ್ಲಿರುವ ನೆಲವೇ. ಮಲೆನಾಡು ಮಳೆಯಲ್ಲಿ ತೊಯ್ಯುತ್ತಿರುವಾಗ ಬೆಂಗಳೂರು, ಕೋಲಾರಗಳ ಕಡೆಗೆ ತಲುಪುವುದು ಜಿನುಗುಮಳೆ ಮತ್ತು ಎಡೆಬಿಡದ ಗಾಳಿ. ಆದುದರಿಂದಲೇ ಆ ಸೀಮೆಯಲ್ಲಿ ಆಷಾಢವೆಂದರೆ ಗಾಳಿಪಟದ ಮಾಸ. ಮದುವೆ ಮುಂಜಿಗಳಿಲ್ಲದೆ ಹಿರಿಯರಿಗೆ ಬಿಡುವಾದ ತಿಂಗಳು ಮಕ್ಕಳಿಗೆ ಹಬ್ಬದ ತಿಂಗಳು. ಗುಜರಾತಿನವರು ಜನವರಿಯ ಉತ್ತರಾಯಣದಲ್ಲಿ ಪಟವನ್ನು ಹಾರಿಸುತ್ತಾರೆ. ಅಹಮದಾಬಾದಿನಲ್ಲಿ 1989ರಿಂದ ಅದು ಅಂತರರಾಷ್ಟ್ರೀಯ ಉತ್ಸವವೇ ಆಗಿದೆ. ನಮ್ಮ ಬೆಳಗಾವಿಯ ಉತ್ಸವವೂ ಜನವರಿಯಲ್ಲಿಯೇ ನಡೆಯುವುದು. ಮಂಗಳೂರಿನ ಹವ್ಯಾಸಿಗಳು ಕಥಕಳಿಯ ವೇಷವನ್ನೇ ಭಾರಿ ಗಾತ್ರದ ಪಟವನ್ನಾಗಿ ಮಾಡಿ ಕಡಲ ದಂಡೆಯಲ್ಲಿ ಹಾರಿಸಿ ಹೊರದೇಶಗಳವರೆಗೆ ಹೆಸರು ಪಡೆದಿದ್ದಾರೆ. ತಮಿಳುನಾಡಿನಲ್ಲಿಯೂ 2022ರ ಆಗಸ್ಟಿನಲ್ಲಿ ಮಹಾಬಲಿಪುರದ ಬಳಿ ಅಂತರರಾಷ್ಟ್ರೀಯ ಉತ್ಸವವೊಂದು ನಡೆಯಿತು. ಆದರೆ ಆಷಾಢದ ಗಾಳಿಯನ್ನು ನಂಬಿ, ಊರಿಗೆ ಊರೇ ಮನೆಯ ಮಾಳಿಗೆಯನ್ನೇರುವ ಸಂಪ್ರದಾಯವನ್ನು ನೋಡಬೇಕಾದರೆ ಬೆಂಗಳೂರಿನ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದ ದೊಡ್ಡಬಳ್ಳಾಪುರಕ್ಕೆ ಹೋಗಬೇಕು.

ನಾವು ಹೋಗಿದ್ದೆವು. ಅದು ಯಾತ್ರೆಯಲ್ಲ, ಸಮ್ಮೇಳನವಲ್ಲ. ನಾಲ್ಕೈದು ಮನೆಗಳ ಗೆಳೆಯರು ಮಕ್ಕಳನ್ನು ಕರೆದುಕೊಂಡು ಒಂದು ಶುಕ್ರವಾರದ ಸಂಜೆ ಬಸ್ಸನ್ನು ಹತ್ತಿದೆವು. ದಿಂಡಿಗಲ್ಲು, ಕರೂರು, ಸೇಲಂ, ಹೊಸೂರು ಎಂದು ರಾತ್ರಿಯೆಲ್ಲ ಪಯಣ. ಬೆಳಗಾದಾಗ ಕನ್ನಡದ ಬೋರ್ಡುಗಳು ಕಣ್ಣಿಗೆ ಬಿದ್ದವು. ಕಿಟಕಿಯ ಬಳಿ ಕುಳಿತ ಮಕ್ಕಳು ಅವನ್ನು ಗಟ್ಟಿಯಾಗಿ ಓದತೊಡಗಿದರು. ಓದಲು ಬಾರದವರು ಓದುವವರ ಮುಖವನ್ನು ನೋಡಿದರು. ಈ ಎರಡನೆಯ ಗುಂಪಿನ ಮಕ್ಕಳ ವಿಷಯವನ್ನು ತಾವು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಮಾತು ಮುಖ್ಯವಾಗಿ ಅವರನ್ನು ಕುರಿತದ್ದು.

ದೊಡ್ಡಬಳ್ಳಾಪುರವು ನೇಕಾರರ ಊರು. ಬೀದಿಬೀದಿಗಳಲ್ಲಿ ರೇಷ್ಮೆಯ ಮಗ್ಗಗಳ ಸದ್ದು. ನೂಲನ್ನು ಬಲ್ಲವರ ಊರಿನಲ್ಲಿ ಗಾಳಿಪಟದ ಕಲೆ ಬೇರೂರಿದುದು ಸಹಜವೇ ಸರಿ. ಪ್ರಥಮೈಕಾದಶಿಯ ಸುಮಾರಿನಲ್ಲಿ ಅಲ್ಲಿ ಆಕಾಶವೆಲ್ಲ ಪಟಮಯ. ಅಂಗಡಿಯಿಂದ ಕೊಂಡುತಂದದ್ದಕ್ಕಿಂತ ಕೈಯಾರೆ ಕಟ್ಟಿದ್ದಕ್ಕೇ ಅಲ್ಲಿ ಮರ್ಯಾದೆ. ಉತ್ಸವದ ಬಯಲಿನಲ್ಲಿ ಸ್ಪರ್ಧೆಗಳುಂಟು; ಅಜ್ಜ ಮೊಮ್ಮಕ್ಕಳು ಒಂದೇ ದಾರವನ್ನು ಹಿಡಿದು ನಿಲ್ಲುವುದುಂಟು.

ನಾವು ಊರ ಹೊರಗೆ, ಪರಿಚಿತರೊಬ್ಬರ ತೆಂಗಿನ ತೋಟದಲ್ಲಿ ಗುಡಾರಗಳನ್ನು ಹೂಡಿ ಎರಡು ದಿನ ಬಿಡಾರ ಮಾಡಿದೆವು. ದೂರಕ್ಕೆ ಮಾಕಳಿದುರ್ಗದ ಬೆಟ್ಟ ಕಾಣುತ್ತಿತ್ತು. ಶನಿವಾರ ಹೊತ್ತೇರುವವರೆಗೂ ಜಿನುಗುಮಳೆ ಬಿಡಲಿಲ್ಲ. ಕಾಗದದ ಪಟಕ್ಕೆ ಮಳೆಯೇ ಮೃತ್ಯು. ಆದುದರಿಂದ ಎಲ್ಲರೂ ಪಂಪ್‌ಸೆಟ್ಟಿನ ಕೊಠಡಿಯ ಜಗುಲಿಯಲ್ಲಿ ಕುಳಿತು ಪಟಗಳನ್ನು ಕಟ್ಟುವ ಕೆಲಸಕ್ಕೆ ತೊಡಗಿದೆವು. ಬೆಂಗಳೂರಿನಿಂದ ಬಂದ ಗೆಳೆಯರ ಮಕ್ಕಳೂ ಸೇರಿಕೊಂಡರು. ತೋಟದವರ ನೆರೆಯ ಹಿರಿಯ ನೇಕಾರರೊಬ್ಬರು ತಾವಾಗಿಯೇ ಬಂದು ಮಧ್ಯದಲ್ಲಿ ಕುಳಿತರು.

ಗಾಳಿಪಟವನ್ನು ಕಟ್ಟುವ ಕ್ರಮವನ್ನು ಮಕ್ಕಳಿಗಾಗಿ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಪಟವೆಂದರೆ ಬಟ್ಟೆ, ಗಾಳಿಪಟವೆಂದರೆ ಗಾಳಿಗೊಡ್ಡಿದ ಬಟ್ಟೆ. ಒಣಗಿದ ಬಿದಿರನ್ನು ಸೀಳಿ, ಗಂಟುಗಳನ್ನು ಹೆರೆದು, ಎರಡು ಕಡ್ಡಿಗಳನ್ನು ಮಾಡಿಕೊಳ್ಳಬೇಕು. ನೆಟ್ಟಗೆ ನಿಲ್ಲುವುದು ಬೆನ್ನುಕಡ್ಡಿ. ಅದಕ್ಕೆ ಅಡ್ಡಲಾಗಿ ಬಾಗಿ ನಿಲ್ಲುವುದು ಬಿಲ್ಲುಕಡ್ಡಿ. ಬಿಲ್ಲುಕಡ್ಡಿಯನ್ನು ಬೆರಳಿನ ಮೇಲಿಟ್ಟು ತೂಗಿನೋಡಬೇಕು. ಒಂದು ತುದಿ ಭಾರವಾದರೆ ಪಟವು ಜನ್ಮವಿಡೀ ಆ ಕಡೆಗೇ ವಾಲುವುದು. ಚೌಕವಾದ ತೆಳುಕಾಗದವನ್ನು ಮೂಲೆಯಿಂದ ಮೂಲೆಗೆ ನಿಲ್ಲುವಂತೆ ಹಾಸಿ, ಮೈದಾಹಿಟ್ಟಿನ ಅಂಟಿನಿಂದ ಕಡ್ಡಿಗಳಿಗೆ ಅಂಟಿಸಬೇಕು. ಬಳಿಕ ಸೂತ್ರ. ಬೆನ್ನುಕಡ್ಡಿಯಲ್ಲಿ ಮೇಲೊಂದು ಕೆಳಗೊಂದು ಕಡೆ ದಾರವನ್ನು ಕಟ್ಟಿ, ಎರಡೂ ಸೇರುವಲ್ಲಿ ಗಂಟು ಹಾಕಿದರೆ ಅದೇ ಸೂತ್ರ. ಪಟದ ಪ್ರಾಣವೆಲ್ಲ ಆ ಗಂಟಿನಲ್ಲಿದೆ. ಗಾಳಿಗೆ ಪಟ ಎಷ್ಟು ಓರೆಯಾಗಿ ಎದುರು ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಅದೇ. ಗಾಳಿ ಬಿರುಸಾಗಿದ್ದರೆ ಗಂಟನ್ನು ಕೊಂಚ ಮೇಲಕ್ಕೆ ಸರಿಸಬೇಕು. ಆಗ ಪಟ ಗಾಳಿಗೆ ಎದೆಗೊಡದೆ ಸ್ವಲ್ಪ ತಲೆಬಾಗಿಸಿ ಹೋಗುತ್ತದೆ. ಕೊನೆಗೆ ಬಾಲಂಗೋಚಿ. ಹಳೆಯ ಬಟ್ಟೆಯ ಚೂರುಗಳನ್ನು ಗಂಟು ಹಾಕಿ ಬೆನ್ನುಕಡ್ಡಿಯ ಐದಾರು ಪಾಲು ಉದ್ದವಾಗಿ ಇಳಿಬಿಟ್ಟರೆ ಸಾಕು. ಬಾಲಂಗೋಚಿ ಭಾರವಲ್ಲವೇ, ಅದನ್ನು ತೆಗೆದರೆ ಪಟ ಇನ್ನೂ ಮೇಲಕ್ಕೆ ಹೋಗದೇ ಎಂದು ಹುಡುಗನೊಬ್ಬ ಕೇಳಿದ. ತೆಗೆದು ನೋಡೆಂದರು ಹಿರಿಯರು. ಸಂಜೆ ಅವನು ತೆಗೆದು ನೋಡಿದ. ಪಟ ನಾಲ್ಕು ಮಾರು ಏರಿ, ಗಿರಿಗಿರಿ ಸುತ್ತಿ, ಮೂಗು ಕೆಳಗಾಗಿ ನೆಲಕ್ಕೆ ಬಿತ್ತು. ಬಾಲವು ಹಿಂದಕ್ಕೆ ಎಳೆಯುವುದರಿಂದಲೇ ತಲೆಯು ಮೇಲಕ್ಕೆ ನಿಲ್ಲುತ್ತದೆಂಬುದು ಪುಸ್ತಕದ ನೆರವಿಲ್ಲದೆಯೇ ಅವನಿಗೆ ತಿಳಿಯಿತು.

ಈ ಕೆಲಸದ ನಡುವೆ ನಾವು ಗಮನಿಸಿದ ಸಂಗತಿಯೊಂದಿದೆ. ಸೂತ್ರ, ಬಾಲಂಗೋಚಿ, ಉಂಡೆ, ಸಡಿಲ ಬಿಡು, ಜಗ್ಗು, ಗೋತ ಎಂಬ ಮಾತುಗಳು ಅಲ್ಲಿ ಹಾರಾಡುತ್ತಲೇ ಇದ್ದವು. ನಮ್ಮ ಕಣಿವೆಯಿಂದ ಬಂದ ಮಕ್ಕಳು ಅವುಗಳ ಅರ್ಥವನ್ನು ಯಾರನ್ನೂ ಕೇಳಲಿಲ್ಲ. ಜಗ್ಗು ಎಂದಾಗ ಜಗ್ಗಿದರು, ಬಿಡು ಎಂದಾಗ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಆ ಮಾತುಗಳು ಅವರ ಬಾಯಲ್ಲೇ ಇದ್ದವು. ನಾವು ಮನೆಯಲ್ಲಿ ತಿಂಗಳುಗಟ್ಟಲೆ ಕೂಡಿಸಿ ಕಲಿಸಲೆತ್ನಿಸಿದರೂ ಬಾರದ ಕನ್ನಡ ಒಂದು ಜಗುಲಿಯ ಮೇಲೆ ಅರ್ಧ ದಿನದಲ್ಲಿ ಬಂದಿತ್ತು. ಕಾರಣವಿಷ್ಟೇ: ಅಲ್ಲಿ ಕನ್ನಡವು ಪಾಠವಾಗಿರಲಿಲ್ಲ, ಕೆಲಸಕ್ಕೆ ಬೇಕಾದ ಉಪಕರಣವಾಗಿತ್ತು.

ಇನ್ನೊಂದು ಸಂಗತಿ ನಡೆದದ್ದು ಸಂಜೆ. ಮಳೆ ನಿಂತು ಬಿಸಿಲು ಓರೆಯಾಗಿ ಬಿದ್ದಿತ್ತು. ಮೇವಿಗೆ ಹೋದ ದನಗಳು ತೋಟದ ಬದುವಿನ ಮೇಲೆ ಹಿಂದಿರುಗುತ್ತಿದ್ದವು. ನಮ್ಮ ಜೊತೆಗೆ ಬಂದಿದ್ದ ಕಂಬಂ ಕಡೆಯ ಬಾಲಕಿಯೊಬ್ಬಳು, "ಅಗೋ, ಆವು ಬಂತು" ಎಂದಳು. ಬೆಂಗಳೂರಿನ ಮಕ್ಕಳಿಗೆ ಅದು ಅರ್ಥವಾಗಲಿಲ್ಲ, ಅವರು ನಕ್ಕರು. ಹುಡುಗಿ ತಲೆ ತಗ್ಗಿಸಿದಳು. ಅವಳು ಶಾಲೆಯಲ್ಲಿ ತಮಿಳು ಓದುವವಳು. ಮನೆಯಲ್ಲಿ ಅಜ್ಜಿಯ ಬಾಯಿಂದ ಕಲಿತ ಕನ್ನಡವೊಂದೇ ಅವಳ ಕನ್ನಡ. ಅದು ತಪ್ಪು ಕನ್ನಡವೆಂಬ ಅಳುಕು ಅವಳಲ್ಲಿ ಮೊದಲಿನಿಂದಲೂ ಇತ್ತೆಂದು ಕಾಣುತ್ತದೆ. ಆ ನಗೆಯಿಂದ ಅದು ಖಚಿತವಾದಂತಾಯಿತು. ಅದಾದ ಮೇಲೆ ಅರ್ಧಗಂಟೆ ಅವಳು ಬಾಯಿ ಬಿಡಲಿಲ್ಲ.

ಹಿರಿಯ ನೇಕಾರರು ಇದನ್ನು ಕಂಡು ಪಟದ ದಾರವನ್ನು ಸುತ್ತುತ್ತಲೇ ಹೇಳಿದರು: "ನಗಬೇಡಿ ಮಕ್ಕಳೇ. ಆವು ಎಂದರೆ ಹಸು. ಅದು ನಮ್ಮ ಹಳಗನ್ನಡದ ಮಾತು. ನೀವು ಆಕಳು ಎನ್ನುತ್ತೀರಲ್ಲ, ಅದರಲ್ಲಿರುವುದೂ ಅದೇ. ನಾವು ಮರೆತದ್ದನ್ನು ಇವಳ ಅಜ್ಜಿ ಕಾಪಾಡಿದ್ದಾಳೆ." ಅವರ ಮಾತು ನಿಜ. ಕಂಬಂ ಪಟ್ಟಣದ ನಂದಗೋಪಾಲನ ದೊಡ್ಡಿಯಲ್ಲಿ ದೇವರಿಗೆ ಬಿಟ್ಟ ಹಸುಗಳ ಹಿಂಡೊಂದನ್ನು ಕನ್ನಡ ಮಾತನಾಡುವ ಒಕ್ಕಲು ಮನೆತನಗಳು ತಲೆಮಾರುಗಳಿಂದ ಸಾಕಿಕೊಂಡು ಬಂದಿರುವುದು ತಮಗೆಲ್ಲ ಗೊತ್ತಿರುವುದೇ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳ ದೊಡ್ಡ ಗ್ರಂಥದಲ್ಲಿ ಈ ಕನ್ನಡಿಗರ ವಿವರವೂ ಉಂಟು, ಈ ಹಿಂಡಿನ ವಿವರವೂ ಉಂಟು. ತಮಿಳಿನಲ್ಲಿ ತಂಬಿರಾನ್ ಮಾಡು ಎಂದು ಕರೆಯಿಸಿಕೊಳ್ಳುವ ಆ ಹಿಂಡಿಗೆ ಕನ್ನಡದಲ್ಲಿ ದೇವರ ಆವು ಎಂದು ಹೆಸರೆಂಬುದನ್ನು ಅಲ್ಲಿ ಬರೆದಿಡಲಾಗಿದೆ. ಕನ್ನಡದ ಶಾಲೆಯಿಲ್ಲದೆ, ಲಿಪಿಯಿಲ್ಲದೆ, ಪತ್ರಿಕೆಯಿಲ್ಲದೆ ಒಂದು ಮಾತು ಇಷ್ಟು ಕಾಲ ಬದುಕಿತು. ಏತರಿಂದ? ದಿನವೂ ಬೆಳಗಾದರೆ ಆವಿಗೆ ಮೇವನ್ನು ಹಾಕಬೇಕಾಗಿದ್ದಿತು. ಕೆಲಸವಿದ್ದಲ್ಲಿ ಮಾತು ಉಳಿಯಿತು.

ಆ ರಾತ್ರಿ ಮುದ್ದೆ, ಹುರುಳಿ ಸಾರಿನ ಊಟವಾದ ಮೇಲೆ ಗುಡಾರಗಳ ಮುಂದೆ ಬೆಂಕಿಯನ್ನು ಹಾಕಿಕೊಂಡು ಬಹಳ ಹೊತ್ತು ಕುಳಿತಿದ್ದೆವು. ಬೆಂಗಳೂರಿನ ಮಕ್ಕಳು ನಮ್ಮ ಹುಡುಗಿಯ ಸುತ್ತ ಕುಳಿತು, ನಿಮ್ಮಲ್ಲಿ ಇದಕ್ಕೇನೆನ್ನುತ್ತೀರಿ, ಅದಕ್ಕೇನೆನ್ನುತ್ತೀರಿ ಎಂದು ಒಂದೊಂದೇ ವಸ್ತುವನ್ನು ತೋರಿಸಿ ಕೇಳುವುದೇ ಆಟವಾಯಿತು. ಮರುದಿನ ಬೆಳಿಗ್ಗೆ ಪ್ರತಿಯೊಂದು ಮಗುವೂ ತನ್ನ ಪಟದ ಮೇಲೆ ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಬೇಕೆಂದು ಗೊತ್ತುಮಾಡಿದೆವು. ಕನ್ನಡ ಅಕ್ಷರವನ್ನು ಅರಿಯದ ಮಕ್ಕಳು ಆರೇಳು ಮಂದಿ ಇದ್ದರು. ಅವರಿಗೆ ಉಳಿದವರು ನೆಲದ ಮೇಲೆ ಬರೆದು ತೋರಿಸಿದರು. ಎರಡು ಮೂರು ಅಕ್ಷರಗಳೇ ತಾನೆ! ಆದರೆ ತನ್ನ ಹೆಸರು ಆಕಾಶಕ್ಕೇರಬೇಕಾದರೆ ಯಾವ ಮಗು ತಾನೆ ಅದನ್ನು ಸೊಟ್ಟಗೆ ಬರೆದೀತು? ನಮ್ಮ ಕಂಬಂ ಹುಡುಗಿ ತಿದ್ದಿ ತಿದ್ದಿ ನೆಲವನ್ನೆಲ್ಲ ತುಂಬಿಸಿದಳು. ಭಾನುವಾರ ಹತ್ತು ಗಂಟೆಗೆ ಗಾಳಿ ಎದ್ದಿತು. ಉತ್ಸವದ ಬಯಲಿನಲ್ಲಿ ನೂರಾರು ಪಟಗಳ ನಡುವೆ ನಮ್ಮ ಮಕ್ಕಳವೂ ಏರಿದವು. ಬಹುಮಾನವೇನೂ ಬರಲಿಲ್ಲ. ಯಾರಿಗೂ ಅದರ ನೆನಪೂ ಆಗಲಿಲ್ಲ.

ಗಾಳಿಪಟ ಮಕ್ಕಳ ಆಟಿಕೆ ಮಾತ್ರವೆಂದು ತಿಳಿಯುವವರಿಗಾಗಿ ಮೂರು ಸಂಗತಿಗಳನ್ನು ಹೇಳಬಯಸುತ್ತೇವೆ. ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ವಿಲ್ಸನ್ ಎಂಬ ವಿದ್ವಾಂಸನು 1749ರಲ್ಲಿ ಪಟಗಳಿಗೆ ಉಷ್ಣಮಾಪಕವನ್ನು ಕಟ್ಟಿ ಮೇಲಣ ಗಾಳಿಯ ತಂಪನ್ನು ಅಳೆದನು. 1901ರ ಡಿಸೆಂಬರ್ 12ರಂದು ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ನಿಸ್ತಂತು ಸಂಜ್ಞೆಯನ್ನು ಕೇಳಲು ಮಾರ್ಕೋನಿಯು ನ್ಯೂಫೌಂಡ್‌ಲೆಂಡಿನಲ್ಲಿ ತನ್ನ ತಂತಿಯನ್ನು ಮೇಲೆತ್ತಿದ್ದು ಗಾಳಿಪಟದಿಂದಲೇ. ಇವೆರಡಕ್ಕಿಂತಲೂ ನಮ್ಮ ಮನಸ್ಸಿಗೆ ಹತ್ತಿರವಾದುದು ಮೂರನೆಯದು. ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೂ ಕೆನಡಾಕ್ಕೂ ನಡುವೆ ನಯಾಗರಾ ನದಿ ಆಳವಾದ ಕಮರಿಯಲ್ಲಿ ಹರಿಯುತ್ತದೆ. ಅದಕ್ಕೆ ತೂಗುಸೇತುವೆಯನ್ನು ಕಟ್ಟಬೇಕಾಗಿತ್ತು. ದೋಣಿ ದಾಟಲಾಗದ ಆ ರಭಸದ ನೀರಿನ ಮೇಲೆ ಮೊದಲ ಹಗ್ಗವನ್ನು ಕೊಂಡೊಯ್ಯುವುದು ಹೇಗೆ? 1848ರಲ್ಲಿ ಹೋಮನ್ ವಾಲ್ಷ್ ಎಂಬ ಹುಡುಗನೊಬ್ಬ ಒಂದು ದಡದಿಂದ ಇನ್ನೊಂದು ದಡಕ್ಕೆ ಗಾಳಿಪಟವನ್ನು ಹಾರಿಸಿದ. ಆ ದಾರಕ್ಕೆ ಸ್ವಲ್ಪ ದಪ್ಪನೆಯ ಹುರಿಯನ್ನು ಕಟ್ಟಿ ಎಳೆದರು. ಹುರಿಗೆ ಹಗ್ಗವನ್ನು, ಹಗ್ಗಕ್ಕೆ ಕಂಬಿಯನ್ನು. ಕೊನೆಗೆ ಸೇತುವೆಯೇ ಆಯಿತು. ಗಡಿಯನ್ನು ದಾಟಿದ ಮೊದಲನೆಯ ಎಳೆ ಒಬ್ಬ ಹುಡುಗನ ಕೈಯಲ್ಲಿದ್ದ ನೂಲು.

ನಮ್ಮ ಸ್ಥಿತಿಯನ್ನು ನಾವು ಇದರಿಂದ ತಿಳಿದುಕೊಳ್ಳಬೇಕಾಗಿದೆ. 1956ರ ನವೆಂಬರ್ 1ರಂದು ಭಾಷಾನುಗುಣವಾಗಿ ರಾಜ್ಯಗಳು ಏರ್ಪಟ್ಟಾಗ ಕನ್ನಡನಾಡಿನ ಗಡಿ ಈ ಕಣಿವೆಯಿಂದ ಬಹುದೂರದಲ್ಲೇ ಉಳಿಯಿತು. ಅದು ಹಾಗೆ ಉಳಿದುದು ಸ್ವಾಭಾವಿಕವೂ ಹೌದು. ಸುತ್ತಲೂ ಇರುವುದು ತಮಿಳು ನೆಲ. ಆ ನೆಲ ನಮಗೆ ಅನ್ನವನ್ನು ಕೊಟ್ಟಿದೆ. ಅದರ ನುಡಿ ನಮ್ಮ ಮಕ್ಕಳಿಗೆ ವಿದ್ಯೆಯನ್ನು ಕೊಟ್ಟಿದೆ. ಇದರಲ್ಲಿ ದೂರುವುದಕ್ಕೇನೂ ಇಲ್ಲ. ಆದರೆ ನಮ್ಮಲ್ಲಿಯೇ ಎರಡು ಬಗೆಯ ಕನ್ನಡಿಗರಿದ್ದೇವೆಂಬುದನ್ನು ನಾವು ಮರೆಯುತ್ತಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿ, ಈ ಸ್ಮರಣ ಸಂಚಿಕೆಯನ್ನು ಓದಬಲ್ಲ ಮನೆಗಳು ಕೆಲವು. ಶತಮಾನಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡುತ್ತ, ಒಂದಕ್ಷರವನ್ನೂ ಓದಲಾರದ ಮನೆಗಳು ಬಹಳ. ಮೊದಲನೆಯವರಲ್ಲಿ ಅಕ್ಷರವಿದೆ, ಎರಡನೆಯವರಲ್ಲಿ ಬೇರಿದೆ. ಮೊದಲನೆಯವರು ಎರಡನೆಯವರ ಮಾತನ್ನು ಕೇಳಿ ನಕ್ಕರೆ, ಎರಡನೆಯವರು ಮನೆಯ ಮಾತನ್ನೇ ಬಿಟ್ಟುಬಿಡುತ್ತಾರೆ. ಇಂದು ಮಗು ತಲೆತಗ್ಗಿಸಿ ಬಾಯಿ ಮುಚ್ಚಿಕೊಂಡರೆ ನಾಳೆ ಅದು ತಾಯಾದಾಗ ತನ್ನ ಮಗುವಿನೊಡನೆ ಆ ಮಾತನ್ನಾಡುವುದಿಲ್ಲ. ನುಡಿಯೊಂದು ಮನೆಯಿಂದ ಹೊರಟುಹೋಗುವುದು ಹೀಗೆ, ಯಾರೂ ಹೊಡೆದಟ್ಟುವುದರಿಂದಲ್ಲ.

ಆದುದರಿಂದ ನಮ್ಮ ಸೂಚನೆ ಇದು. ಬರುವ ಆಷಾಢದಲ್ಲಿ, ಒಂದು ಶನಿವಾರ ಭಾನುವಾರ, ಹನುಮಂತನಪಟ್ಟಿಯ ಸುತ್ತಿನ ಯಾವುದಾದರೊಂದು ಖುಷ್ಕಿ ಬಯಲಿನಲ್ಲಿ ಈ ಎರಡು ಬಗೆಯ ಮನೆಗಳ ಮಕ್ಕಳೂ ಒಟ್ಟಿಗೆ ಸೇರುವ ಗಾಳಿಪಟದ ಬಿಡಾರವನ್ನು ಸಂಘವು ಏರ್ಪಡಿಸಬೇಕು. ದೊಡ್ಡಬಳ್ಳಾಪುರಕ್ಕೆ ರಾತ್ರಿಯೆಲ್ಲ ಪ್ರಯಾಣ ಮಾಡಲು ಎಲ್ಲರಿಗೂ ಅನುಕೂಲವಿರದು; ಗಾಳಿಯಂತೂ ಇಲ್ಲಿಯೇ ಇದೆ. ಬೇಕಾಗುವ ಸಾಮಗ್ರಿ ಬಿದಿರು, ಕಾಗದ, ಹತ್ತಿಯ ದಾರ, ಹಿಟ್ಟಿನ ಅಂಟು, ಹಳೆಯ ಸೀರೆಯ ಅಂಚು, ಇಷ್ಟೇ. ಅಕ್ಷರ ಬಲ್ಲ ಮಕ್ಕಳು ಹೆಸರು ಬರೆಯುವುದನ್ನು ಕಲಿಸಲಿ. ಅಕ್ಷರ ಬಾರದ ಮನೆಗಳ ಅಜ್ಜಿಯರು ರಾತ್ರಿ ತಮ್ಮ ಮಾತಿನಲ್ಲಿ ಕತೆಯನ್ನು ಹೇಳಲಿ. ಆ ಮಾತುಗಳನ್ನು ಬರೆದುಕೊಳ್ಳುವ ಕೆಲಸ ನಮ್ಮ ಹೈಸ್ಕೂಲು ಮಕ್ಕಳದು. ನೆರೆಯ ತಮಿಳು ಮಕ್ಕಳನ್ನೂ ಕರೆಯೋಣ. ಅವರು ಪಟ್ಟಂ ಎನ್ನಲಿ, ನಾವು ಪಟ ಎನ್ನೋಣ. ಎರಡನ್ನೂ ಎತ್ತುವ ಗಾಳಿ ಒಂದೇ.

ಕೆಲವು ಎಚ್ಚರಿಕೆಗಳನ್ನು ಮಾತ್ರ ಕಡ್ಡಾಯವಾಗಿ ಪಾಲಿಸಬೇಕು. ಗಾಜಿನ ಪುಡಿ ಲೇಪಿಸಿದ ನೈಲಾನ್ ಮಾಂಜಾ ದಾರ ನಮ್ಮ ಬಯಲಿಗೆ ಬರಕೂಡದು. ಅದು ಹಕ್ಕಿಗಳ ರೆಕ್ಕೆಯನ್ನೂ ದ್ವಿಚಕ್ರ ವಾಹನದವರ ಕೊರಳನ್ನೂ ಕೊಯ್ದುದರಿಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿಯೇ ದೇಶದಾದ್ಯಂತ ಅದನ್ನು ನಿಷೇಧಿಸಿದೆ. ಪಟವು ವಿದ್ಯುತ್ ತಂತಿಗೆ ಸಿಕ್ಕಿದರೆ ಅದನ್ನು ಬಿಟ್ಟುಬಿಡಬೇಕು. ಕೋಲು ಹಿಡಿದು ತೆಗೆಯಹೋಗುವುದು ಪ್ರಾಣಕ್ಕೆ ಅಪಾಯ. ಹಕ್ಕಿಗಳು ಗೂಡು ಬಿಡುವ ಮುಂಜಾನೆಯಲ್ಲಿಯೂ ಗೂಡು ಸೇರುವ ಸಂಜೆಯಲ್ಲಿಯೂ ಪಟವನ್ನು ಇಳಿಸಿಕೊಳ್ಳುವುದು ಧರ್ಮ. ಬೆಟ್ಟದ ಬುಡದಲ್ಲಿ ಗಾಳಿ ಸುಳಿಯಾಗಿ ತಿರುಗುವುದರಿಂದ ಬುಡದಿಂದ ದೂರವಾದ ಬಯಲೇ ಒಳ್ಳೆಯದು. ಬಿಡಾರವೆಂದೊಡನೆ ಕಾಡಿನೊಳಗೆ ಹೋಗುವ ಆಸೆ ಹುಡುಗರಿಗೆ ಸಹಜ. ಆದರೆ ನಮ್ಮ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚಿಯಲ್ಲಿ ಕಾಳ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಚಾರಣಿಗರು ಸತ್ತುದನ್ನು ನಾವು ಮರೆಯಲಾಗದು. ಮೇಘಮಲೆಯ ಕಾಡು 2021ರಿಂದ ಹುಲಿಗಳ ರಕ್ಷಿತಾರಣ್ಯ. ನಮ್ಮ ಗುಡಾರಗಳು ಊರಿನ ಕೂಗಳತೆಯಲ್ಲಿಯೇ ಇರಲಿ; ಅಡುಗೆಯ ಬೆಂಕಿಯನ್ನು ನೀರು ಹಾಕಿ ಆರಿಸಿಯೇ ಮಲಗೋಣ.

ಇದರಿಂದ ಕನ್ನಡ ಉಳಿದುಬಿಡುತ್ತದೆಯೆ ಎಂದು ತಾವು ಕೇಳಬಹುದು. ಎರಡು ದಿನದ ಆಟದಿಂದ ಭಾಷೆ ಉಳಿಯುತ್ತದೆಂದು ನಾವು ಹೇಳುತ್ತಿಲ್ಲ. ತರಗತಿಗಳು ಬೇಕು, ಪುಸ್ತಕಗಳು ಬೇಕು, ಗ್ರಂಥಾಲಯ ಬೇಕು. ಸಂಘವು ಅವುಗಳಿಗಾಗಿ ಪಡುತ್ತಿರುವ ಶ್ರಮಕ್ಕೆ ನಾವೆಲ್ಲರೂ ಋಣಿಗಳು. ನಾವು ಹೇಳುವುದಿಷ್ಟೇ: ತರಗತಿಗೆ ಬರಬೇಕೆಂಬ ಮನಸ್ಸು ಮಗುವಿಗೆ ಮೊದಲು ಹುಟ್ಟಬೇಕು. ತನ್ನ ಅಜ್ಜಿಯ ಮಾತಿಗೆ ಯಾರೂ ನಗುವುದಿಲ್ಲ, ಅದನ್ನು ಕೇಳಲು ಬಯಸುವವರೂ ಇದ್ದಾರೆಂಬ ಧೈರ್ಯ ಅದಕ್ಕೆ ಬರಬೇಕು. ಆ ಧೈರ್ಯ ಉಪನ್ಯಾಸಗಳಿಂದ ಬರುವುದಿಲ್ಲ. ನಮ್ಮ ಈ ಉಪನ್ಯಾಸದಿಂದಲೂ ಬರುವುದಿಲ್ಲ. ಒಟ್ಟಿಗೆ ಕುಳಿತು ಕಡ್ಡಿಯನ್ನು ಹೆರೆದಾಗ ಬರುತ್ತದೆ.

ಆಷಾಢಕ್ಕೆ ಇನ್ನೂ ತಿಂಗಳುಗಳಿವೆ. ಬಿದಿರನ್ನು ಈಗಲೇ ಕಡಿದು ನೆರಳಿನಲ್ಲಿ ಒಣಗಿಸಿದರೆ ಆ ಹೊತ್ತಿಗೆ ಹದವಾಗುತ್ತದೆ. ಬಯಲನ್ನು ಗೊತ್ತುಮಾಡುವ ಕೆಲಸವನ್ನು ಹಿರಿಯರು ವಹಿಸಿಕೊಳ್ಳಬೇಕು. ಓದು ಬಲ್ಲ ಪ್ರತಿಯೊಂದು ಮನೆಯವರೂ ಓದು ಬಾರದ ಒಂದು ಕನ್ನಡ ಮನೆಗೆ ಹೋಗಿ ಅಲ್ಲಿನ ಮಗುವನ್ನು ಹೆಸರು ಹಿಡಿದು ಕರೆಯಬೇಕು. ಹೆಸರು ಕೊಡಬಯಸುವವರು ಸಭೆ ಮುಗಿದ ಕೂಡಲೇ ಕಾರ್ಯದರ್ಶಿಗಳ ಬಳಿ ಬರೆಯಿಸಬೇಕಾಗಿ ಪ್ರಾರ್ಥನೆ.